ಮೂರು ಹೊತ್ತಿನ ಸಿರಪ್

"ಎಂಟನೇ ಕ್ಲಾಸ್ ಫೇಲಾದ ನಾಯಿ ಕೈಗೆ ನಮ್ಮಪ್ಪನ ಜೀವ ಕೊಟ್ಟು ಕೂತಿದ್ವಲ್ಲ, ನಮ್ಮ ಮೆಟ್ಟಲ್ಲಿ ನಾವೇ ಹೊಡ್ಕೋಬೇಕು!"

ಶಿವಪ್ರಕಾಶ ಕೂಗಿದ ರಭಸಕ್ಕೆ ಮೆಡಿಕಲ್ ಶಾಪಿನ ಮುಂದೆ ನಿಂತಿದ್ದವರೆಲ್ಲ ಚೀಟಿ ಹಿಡಿದು ಚಾಚಿದ್ದ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡರು. ಶುಕ್ರವಾರ ಬೆಳಗಿನ ಹನ್ನೊಂದು ಗಂಟೆ. ಯಲಹಂಕ ಹಳೇ ಪೇಟೆಯ ಅರ್ಧ ಜನ ಶುಗರ್ರು, ಬಿಪಿ ಮಾತ್ರೆಗೆಂದು ಬರುವ ಹೊತ್ತು. ಅಷ್ಟೂ ಜನರ ಕಣ್ಣು ಒಬ್ಬನ ಮೇಲೆ ಬಿತ್ತು.

ಬಸವಕಿರಣ ತಲೆಯ ಮೇಲಿನ ಹೆಲ್ಮೆಟ್ಟನ್ನು ಇನ್ನೂ ತೆಗೆದಿರಲಿಲ್ಲ. ಇಪ್ಪತ್ತೊಂಬತ್ತರ ಪ್ರಾಯ. ಎಂಟು ವರ್ಷದಿಂದ ಇದೇ ಅಂಗಡಿಯ ಔಷಧಿಯನ್ನು ಸ್ಕೂಟರಿನಲ್ಲಿ ಹೇರಿಕೊಂಡು ಕೋಗಿಲಿನಿಂದ ರಾಜಾನುಕುಂಟೆಯವರೆಗೆ ಮನೆಮನೆಗೆ ಮುಟ್ಟಿಸುವವನು. ಬಿಸಿಲಿಗೆ ಸುಟ್ಟಿದ್ದಾನೆ, ಮಳೆಗೆ ನೆನೆದಿದ್ದಾನೆ, ಲಿಫ್ಟು ಕೆಟ್ಟ ಅಪಾರ್ಟ್‌ಮೆಂಟಿನ ಹತ್ತನೇ ಮಹಡಿ ಹತ್ತಿದ್ದಾನೆ. ಅವನ ಓದು ಎಷ್ಟು ಅಂತ ಈವರೆಗೆ ಒಬ್ಬರೂ ಕೇಳಿರಲಿಲ್ಲ.

ಶಿವಪ್ರಕಾಶ ಕೌಂಟರಿನ ಮೇಲಿದ್ದ ಒಂದು ಬಾಟಲಿಯನ್ನು ಎತ್ತಿ ಅವನ ಮೂಗಿಗೆ ಹಿಡಿದ. "ಓದೋ. ಇದರ ಮೇಲೆ ಏನ್ ಬರ್ದಿದೆ ಓದು. ಎಲ್ರಿಗೂ ಕೇಳೋ ಹಾಗೆ ಓದು."

ಕಿರಣ ಓದಿದ. "ಲ್ಯಾಕ್ಟುಲೋಸ್ ಸೊಲ್ಯೂಷನ್. ಇನ್ನೂರು ಎಂಎಲ್. ಬಿಸಿಲು ತಾಗದ ಕಡೆ ಇಡಿ."

"ಪರ್ವಾಗಿಲ್ವೇ, ಓದೋಕ್ ಬರತ್ತೆ ಗುರು," ಅಂದಿತು ಹಿಂದಿನಿಂದ ಒಂದು ದನಿ. ನಾಲ್ಕಾರು ಜನ ನಕ್ಕರು.

"ಅಯ್ಯೋ ಶಿವನೇ, ನಮ್ಮನೆ ಥೈರಾಯ್ಡ್ ಮಾತ್ರೆನೂ ಇವ್ನೇ ಕಣಮ್ಮ ತಂದ್ಕೊಡೋದು," ಎಂದು ನಾರಾಯಣಮ್ಮ ಪಕ್ಕದವಳ ತೋಳು ಹಿಡಿದುಕೊಂಡಳು. ಮೊನ್ನೆ ಮೊನ್ನೆಯವರೆಗೆ ಅವನಿಗೆ ಕಾಫಿ ಕೊಡದೆ ಕಳಿಸದ ಹೆಂಗಸು.

ನಡೆದದ್ದು ಇಷ್ಟು: ನಾಲ್ಕು ದಿನದ ಹಿಂದೆ, ಸೋಮವಾರ, ಶಿವಪ್ರಕಾಶನ ಅಪ್ಪ ವೀರಬಸಪ್ಪ ಔಷಧ ತಪಾಸಣೆಯ ಅಧಿಕಾರಿಯ ಎದುರು ಹೇಳಿಕೆ ಕೊಡಲು ಕೂತು, ಅಧಿಕಾರಿಯನ್ನೇ ಸತ್ತುಹೋದ ತಮ್ಮ ಅಂದುಕೊಂಡು ಮಾತಾಡಿಸಿ, ಮೇಜಿನ ಮೇಲಿನ ನೀರನ್ನು ಅಂಗಿಯ ಜೇಬಿಗೆ ಸುರಿದುಕೊಂಡಿದ್ದರು; ಮರುದಿನ ಎಚ್ಚರ ತಪ್ಪಿದವರು ಹೆಬ್ಬಾಳದ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

"ಡಾಕ್ಟ್ರು ಹೇಳಿದ್ರು ಸರ್," ಶಿವಪ್ರಕಾಶ ಪಕ್ಕದಲ್ಲಿದ್ದ ಸಬ್ ಇನ್‌ಸ್ಪೆಕ್ಟರ್ ವಿಶ್ವನಾಥರ ಕಡೆ ತಿರುಗಿದ. "ಮೂರು ಹೊತ್ತು ಈ ಸಿರಪ್ ಸರಿಯಾಗಿ ಒಳಗ್ ಹೋಗಿದ್ರೆ ಹಿಂಗಾಗ್ತಿರ್ಲಿಲ್ಲ ಅಂದ್ರು. ನಮ್ಮವ್ವ ಒಂದ್ ಹೊತ್ತೂ ತಪ್ಪಿಸೋಳಲ್ಲ. ಅಂದ್ಮೇಲೆ ಬಾಟಲಿಯೊಳಗೆ ಇದ್ದದ್ದೇನು? ಸಕ್ಕರೆ ನೀರಾ?"

ಅಂಗಡಿಯ ಯಜಮಾನ ಅನಂತರಾಜು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ. ದನಿಯಲ್ಲಿ ಬೆಣ್ಣೆ. "ನೋಡಿ ಸರ್, ನಮ್ಮ ಅಂಗಡಿಯಿಂದ ಹೊರಟಿದ್ದು ಕಂಪನಿ ಮಾಲು. ಬಿಲ್ಲಿದೆ, ಬ್ಯಾಚ್ ನಂಬರ್ ಇದೆ. ದಾರೀಲಿ ಏನಾಯ್ತು ಅಂತ ನಾನು ಹೇಗೆ ಹೇಳ್ಲಿ? ಹುಡುಗ ಒಳ್ಳೆಯವ್ನೇ. ಆದ್ರೆ ಯಾರ ಮನಸ್ಸಲ್ಲಿ ಏನಿರತ್ತೋ."

ಹುಡುಗ ಒಳ್ಳೆಯವ್ನೇ! ಕಿರಣನ ಮೈಯ ರಕ್ತವೆಲ್ಲ ಮುಖಕ್ಕೆ ಬಂತು. ಹೆಲ್ಮೆಟ್ಟಿನೊಳಗೆ ಕಿವಿ ಕಾಯಿತು. ಕೈ ಮುಷ್ಟಿಯಾಯಿತು, ಮತ್ತೆ ಬಿಚ್ಚಿತು. ಇಲ್ಲಿ ಒಂದು ಏಟು ಎತ್ತಿದರೆ ಮುಂದಿನ ಏಳು ವರ್ಷ ಏಟು ತಿನ್ನುವವನು ತಾನೇ ಅಂತ ಅವನಿಗೆ ಗೊತ್ತಿತ್ತು.

ಕೌಂಟರಿನ ಒಳಗೆ ಪ್ರತಿಭಾ ಕತ್ತರಿ ಹಿಡಿದು ನಿಂತಿದ್ದಳು. ಕಿರಣನ ಅಕ್ಕ. ಆರು ವರ್ಷಕ್ಕೆ ದೊಡ್ಡವಳು. ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ಹಾವೇರಿಯಿಂದ ಅವನ ಕೈ ಹಿಡಿದು ರೈಲು ಹತ್ತಿಸಿ, ಇಲ್ಲಿಗೆ ತಂದು, ಈ ಕೆಲಸಕ್ಕೆ ಹಚ್ಚಿದವಳು. ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿರುವ ಫಾರ್ಮಸಿಸ್ಟ್ ಸರ್ಟಿಫಿಕೇಟು ಯಾರೋ ವೇದವತಿ ಅನ್ನುವವರದು. ಆ ವೇದವತಿ ಅಂಗಡಿಗೆ ಬಂದದ್ದನ್ನು ಕಿರಣ ಎಂಟು ವರ್ಷದಲ್ಲಿ ಒಂದು ದಿನವೂ ಕಂಡಿಲ್ಲ. ಅವರ ಹೆಸರಿನ ಕೆಳಗೆ ನಿಂತು ಔಷಧಿ ಕೊಡುವವಳು ಮಾತ್ರ ಪ್ರತಿಭಾ, ಡಿ.ಫಾರ್ಮಾ ಅರ್ಧಕ್ಕೆ ಬಿಟ್ಟವಳು.

ಅಕ್ಕ ಒಂದು ಮಾತಾಡುತ್ತಾಳೆ ಅಂತ ಕಿರಣ ಕಾದ. ಅವಳು ಮಾತ್ರೆಯ ಹಾಳೆಯನ್ನು ಕತ್ತರಿಸುತ್ತಲೇ ಇದ್ದಳು. ತಲೆ ಎತ್ತಲಿಲ್ಲ.

"ನಾನು ಆಸ್ಪತ್ರೆಗೆ ಹೋಗಿ ಡಾಕ್ಟರ್ ಹೇಳಿಕೆ ಬರ್ಕೊಂಡು ಐದು ಗಂಟೆಗೆ ಇಲ್ಲಿಗೇ ಬರ್ತೀನಿ," ವಿಶ್ವನಾಥ ಲಾಠಿಯಿಂದ ಕಿರಣನ ಹೆಲ್ಮೆಟ್ಟನ್ನು ಮೆಲ್ಲಗೆ ತಟ್ಟಿದರು. "ಬಾಟಲಿನ ಎಲ್ಲಿ ಬದಲಾಯಿಸ್ದೆ, ಯಾರ್ ಹೇಳಿ ಬದಲಾಯಿಸ್ದೆ, ಅಷ್ಟರಲ್ಲಿ ನೆನಪು ಮಾಡ್ಕೊಂಡಿರಪ್ಪ. ನಿನಗೆ ನೆನಪಾಗ್ಲಿಲ್ಲ ಅಂದ್ರೆ ಸ್ಟೇಷನ್ನಲ್ಲಿ ನಾವು ನೆನಪು ಮಾಡಿಸ್ತೀವಿ."

*

ಕೋಗಿಲು ಕ್ರಾಸಿನ ಸಿಗ್ನಲ್ಲಿನಲ್ಲಿ ನಿಂತಾಗ ಕಿರಣನಿಗೆ ಆ ಯೋಚನೆ ಬಂತು.

ಸಿರಪ್ಪು ನಕಲಿಯೇ ಆಗಿರಲಿ. ಸಕ್ಕರೆ ನೀರೇ ಆಗಿರಲಿ. ಕುಡಿದರೆ ಬಾಟಲಿ ಖಾಲಿಯಾಗಬೇಕಲ್ಲ?

ಔಷಧಿ ಮುಟ್ಟಿಸುವವನಿಗೆ ಒಂದು ಮನೆಯ ಸಮಾಚಾರ ತಿಳಿಯಲು ಒಳಗೆ ಹೋಗಬೇಕಿಲ್ಲ. ಯಾವ ಔಷಧಿ ಎಷ್ಟು ದಿನಕ್ಕೆ ಮುಗಿಯುತ್ತದೆ ಅನ್ನುವುದರಲ್ಲೇ ಎಲ್ಲ ಇರುತ್ತದೆ. ವೀರಬಸಪ್ಪನವರ ಮನೆಗೆ ಪ್ರತಿ ಶುಕ್ರವಾರ ಮೂರು ಬಾಟಲಿ. ಹೊತ್ತಿಗೆ ಮೂವತ್ತು ಎಂಎಲ್ಲಿನ ಲೆಕ್ಕದಲ್ಲಿ ಮೂರು ಬಾಟಲಿ ವಾರಕ್ಕೆ ಸ್ವಲ್ಪ ಕಮ್ಮಿಯೇ ಬೀಳುತ್ತಿತ್ತು. ಹಾಗಾಗಿ ಗುರುವಾರ ಸಂಜೆ ಅವರ ಹೆಂಡತಿ ನಿಂಗವ್ವನ ಫೋನು ತಪ್ಪುತ್ತಿರಲಿಲ್ಲ. "ತಮ್ಮಾ, ಸಿರಪ್ ತಳಾ ಕಂಡೈತಿ, ನಾಳಿ ಲಗೂನ ಬಾ."

ಆ ಫೋನು ಬಂದು ಎಷ್ಟು ದಿನವಾಯಿತು?

ಕಿರಣ ಮೊಬೈಲು ತೆಗೆದು ನೋಡಿದ. ಹಿಂದಿನಿಂದ ಆಟೋದವನು ಹಾರನ್ನು ಒತ್ತಿ, "ಏನ್ ಮಚ್ಚಾ, ಇಲ್ಲೇ ಮನೆ ಮಾಡ್ತೀಯಾ?" ಎಂದು ಕೂಗಿದ. ಸಿಗ್ನಲ್ಲು ಹಸಿರಾಗಿತ್ತು. ಕಿರಣ ಅಲುಗಲಿಲ್ಲ.

ಮೂರು ಗುರುವಾರ ಹೋಗಿದ್ದವು. ಮೂರು ಗುರುವಾರವೂ ಫೋನಿಲ್ಲ. ಇವನು ಮಾತ್ರ ಶುಕ್ರವಾರ ಬಂತೆಂದು ಕತ್ತೆಯ ಹಾಗೆ ಬಾಟಲಿ ಹೊತ್ತು ಹಾಕಿ ಬಂದಿದ್ದ.

*

ನಿಂಗವ್ವ ಮನೆಯಲ್ಲೇ ಇದ್ದಳು. ರಾತ್ರಿಯೆಲ್ಲ ಆಸ್ಪತ್ರೆಯ ವರಾಂಡದಲ್ಲಿ ಕೂತು, ಮೀಯಲೆಂದು ಬಂದಿದ್ದಳು. ಹಣೆಯ ತುಂಬ ವಿಭೂತಿ. ಒದ್ದೆ ಕೂದಲು ಬೆನ್ನ ಮೇಲೆ.

"ಬಾರಪಾ ತಮ್ಮಾ," ಎಂದಳು. ಮಗ ಇವನನ್ನು ಪೇಟೆಯ ನಡುವೆ ನಾಯಿ ಅಂದದ್ದು ಅವಳಿಗೆ ಗೊತ್ತಿರಲಿಲ್ಲ. "ನೀರ ಕುಡೀತಿ? ಮಾರಿ ಯಾಕ ಹಿಂಗ ಮಾಡ್ಕೊಂಡಿ?"

"ಅಜ್ಜಾರು ಹೆಂಗದಾರ್ರಿ ಅವ್ವಾರ?"

"ಹಂಗ ಅದಾರ. ಮೂಗಿನಾಗ ನಳಿಗಿ ಹಾಕ್ಯಾರ." ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ಕರದ್ರ ಕಣ್ಣ ತಗೀವಲ್ರು."

ವೀರಬಸಪ್ಪ ಜೀವಮಾನದಲ್ಲಿ ಒಂದು ಹನಿ ಹೆಂಡ ಮುಟ್ಟಿದವರಲ್ಲ. ಲಿವರ್ ಗಟ್ಟಿಯಾಗಿದೆ ಅಂದಾಗ ಓಣಿಯಲ್ಲಿ ಎಲ್ಲರೂ "ಕುಡೀತಿದ್ರೇನೋ ಪಾಪ" ಅಂದುಕೊಂಡರು. ಯಾವ ಕಾಲದ್ದೋ ಕಾಮಾಲೆಯ ಸೋಂಕು ಒಳಗೊಳಗೇ ಹತ್ತಾರು ವರ್ಷ ಮೇಯ್ದಿತ್ತು. ಹೊಟ್ಟೆಯ ನೀರಿಳಿಸಲು ಬೆಳಿಗ್ಗೆ ಎರಡು ಮಾತ್ರೆ. ಮೈಯಲ್ಲಿ ಸತ್ವ ಇಳಿದಾಗ ಆಸ್ಪತ್ರೆಗೆ ಹೋಗಿ ಒಂದು ಬಾಟಲಿ ಆಲ್ಬುಮಿನ್. ಎಲ್ಲಕ್ಕಿಂತ ಮುಖ್ಯ, ಮೂರು ಹೊತ್ತು ಈ ಸಿಹಿ ಸಿರಪ್.

ಆ ಆಲ್ಬುಮಿನ್ನಿನಿಂದಲೇ ಎಲ್ಲ ಶುರುವಾದದ್ದು. ಅನಂತರಾಜುವಿಗೆ ಯಶವಂತಪುರದಲ್ಲೊಂದು ಔಷಧಿ ಗೋಡೌನಿದೆ. ಅಲ್ಲಿನ ಶೀತಲ ಕೋಣೆಯನ್ನು ಹತ್ತೊಂಬತ್ತು ವರ್ಷ ನೋಡಿಕೊಂಡವರು ಇದೇ ವೀರಬಸಪ್ಪ. ಎರಡು ತಿಂಗಳ ಹಿಂದೆ ತಮ್ಮದೇ ಕೈಗೆ ಏರಿಸಲು ತಂದ ಆಲ್ಬುಮಿನ್ ಬಾಟಲಿಯ ಬ್ಯಾಚ್ ನಂಬರನ್ನು ಮಲಗಿದಲ್ಲಿಂದಲೇ ಓದಿ, ಅವರು ಎದ್ದು ಕೂತಿದ್ದರು. ವಾಯಿದೆ ಮುಗಿದು, ನಾಶ ಮಾಡಲು ತಾವೇ ಹೊರಗೆ ಹಾಕಿಸಿದ್ದ ಮಾಲು! ಹೊಸ ಚೀಟಿ ಅಂಟಿಸಿಕೊಂಡು ಮರಳಿ ಬಂದಿತ್ತು. ಹೊಸ ಚೀಟಿಯ ಅಂಚಿನಲ್ಲಿ ಹಳೆಯ ನಂಬರು ಇಣುಕುತ್ತಿತ್ತು. ಅವರು ಔಷಧ ಇಲಾಖೆಗೆ ದೂರು ಬರೆಸಿದ್ದರು.

ಸೋಮವಾರ ಅವರು ಹೇಳಬೇಕಿದ್ದದ್ದು ಅದನ್ನೇ. ಹೇಳಿದ್ದು ಸತ್ತ ತಮ್ಮನ ಕತೆ. ಅಧಿಕಾರಿ 'ಬುದ್ಧಿ ಸ್ಥಿಮಿತವಿಲ್ಲ' ಅಂತ ಬರೆದುಕೊಂಡು ಫೈಲು ಮುಚ್ಚಿದರು.

"ಅವ್ವಾರ, ಆ ಸಹಿ ಪುಸ್ತಕ ಐತೇನ್ರಿ? ನಾ ತಂದ ಕೊಟ್ಟಿದ್ದು?"

ಅದನ್ನು ಡಾಕ್ಟರು ಹೇಳಿದ್ದರು. ದಿನಾ ಬೆಳಿಗ್ಗೆ ಅವರ ಕೈಲಿ ಒಂದು ಸಹಿ ಹಾಕಿಸಿ. ಲಿವರ್ ತೊಳೆಯದೆ ಬಿಟ್ಟ ಕೊಳೆ ಮಿದುಳಿಗೆ ಏರಿದರೆ ಮೊದಲು ಗೊತ್ತಾಗುವುದು ಕೈಬರಹದಲ್ಲಿ.

ನಿಂಗವ್ವ ಕಿಟಕಿಯ ಕಟ್ಟೆಯಿಂದ ಪುಸ್ತಕ ತೆಗೆದು ಕೊಟ್ಟಳು. "ಒಂದ ದಿನಾನೂ ತಪ್ಪಿಸಿಲ್ಲ ನೋಡು. ಬ್ಯಾಡ ಅಂದ್ರೂ ಕೈ ಹಿಡದು ಹಾಕಿಸೀನಿ."

ಕಿರಣ ಹಾಳೆ ಮಗುಚಿದ. ಆಷಾಢದ ತುಂಬ ಒಂದೇ ಸಹಿ. ವೀ ಅಕ್ಷರದ ಗುಡಿಸು ಗುಂಡಗೆ, ಬಸಪ್ಪ ಅನ್ನುವಲ್ಲಿ ಒತ್ತು ನೆಟ್ಟಗೆ, ಕೆಳಗೊಂದು ಗೆರೆ. ಗೋಡೌನಿನ ಸಾವಿರಾರು ಪೆಟ್ಟಿಗೆಗಳ ಮೇಲೆ ಬಿದ್ದ ಸಹಿ.

ಶ್ರಾವಣ ಹುಟ್ಟಿತು. ಮೊದಲ ಆರು ದಿನ ಹಾಗೇ. ಏಳನೇ ದಿನ ಕೆಳಗಿನ ಗೆರೆ ಬಾಗಿತು. ಒಂಬತ್ತಕ್ಕೆ ಒತ್ತಕ್ಷರ ಜಾರಿತು. ಹದಿಮೂರಕ್ಕೆ ಅಕ್ಷರಗಳು ಒಂದರ ಮೇಲೊಂದು ಹತ್ತಿದ್ದವು. ಸೋಮವಾರದ ಹಾಳೆಯಲ್ಲಿದ್ದದ್ದು ಸಹಿಯಲ್ಲ, ಇರುವೆ ಸಾಯುವ ಮುಂಚೆ ಓಡಾಡಿದ ಜಾಡು.

ದಿನಾ ಬೆಳಿಗ್ಗೆ ಈ ಕಾಗದ ಕಿರುಚಿಕೊಂಡಿದೆ. ಅದನ್ನು ಹಾಕಿಸಿದವಳಿಗೆ ಅಕ್ಷರ ಬರುವುದಿಲ್ಲ. ಸಹಿ ಬಿದ್ದರಾಯಿತು ಅಂದುಕೊಂಡಿದ್ದಾಳೆ. ಅಕ್ಷರ ಬರುವ ಮಗ, ಎಂಜಿನಿಯರಿಂಗ್ ಓದಿ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೂರುವವನು, ಪುಸ್ತಕ ತೆರೆದೇ ಇಲ್ಲ. ಓದಬೇಕಾದವರು ಓದದೆ, ಎಂಟನೇ ಕ್ಲಾಸಿನವನಿಗೆ ಅದು ಸಿಕ್ಕಿದ್ದು ಇವತ್ತು. ಎಲ್ಲ ಮುಗಿದ ಮೇಲೆ.

ಕಿರಣನ ಕಣ್ಣು ಪುಸ್ತಕದಿಂದ ಎದ್ದು ದೇವರ ಜಗಲಿಯ ಕಡೆ ಹೋಯಿತು. ಹಾಗೇ ಅಲ್ಲಿ ನಿಂತುಬಿಟ್ಟಿತು.

ದೀಪದ ಪಕ್ಕ ವಿಭೂತಿ ಇಟ್ಟಿದ್ದರು. ಬೆಳ್ಳಿಯ ಬಟ್ಟಲಲ್ಲಲ್ಲ, ಹಿತ್ತಾಳೆಯ ಕರಡಿಗೆಯಲ್ಲೂ ಅಲ್ಲ. ಗೆರೆ ಗೆರೆಯಾಗಿ ಎಂಎಲ್ ಗುರುತಿದ್ದ ಪ್ಲಾಸ್ಟಿಕ್ಕಿನ ಕಪ್ಪಿನಲ್ಲಿ.

"ಅವ್ವಾರ," ಅಂದ. "ಸಿರಪ್ ಅಳಿಯೋ ಕಪ್ಪಿನಾಗ ಇಬತ್ತಿ ಹಾಕೀರಲ್ರಿ?"

ನಿಂಗವ್ವ ಗೋಡೆಗೆ ಒರಗಿ ಕೂತುಬಿಟ್ಟಳು.

"ದಿನಕ್ಕ ಮೂರ ಸರ್ತಿ ಬೇಕಾಗೋ ಕಪ್ಪು. ಅಂಟ ಅಂಟ ಇರಬೇಕಿತ್ತು. ಅಜ್ಜಾರಿಗೆ ಯಾತರಾಗ ಅಳದು ಕೊಡ್ತಿದ್ರಿ?"

"ಶಿವೂಗ ಹೇಳಬ್ಯಾಡೋ ಯಪ್ಪಾ," ಅಂದಳು ಮುದುಕಿ. ಅಷ್ಟೇ. ಎದ್ದು ಹೋಗಿ, ಮಂಚದ ಕೆಳಗಿನ ಟ್ರಂಕನ್ನು ಎಳೆದಳು.

ಇಳಕಲ್ ಸೀರೆಯ ಮಡಿಕೆಗಳ ಕೆಳಗೆ, ಕಾಗದದ ಡಬ್ಬಿಯ ಸಮೇತ, ಒಂಬತ್ತು ಬಾಟಲಿಗಳು. ಒಂದರ ಸೀಲೂ ಒಡೆದಿರಲಿಲ್ಲ.

ಕಿರಣ ಒಂದನ್ನು ಕೈಗೆ ತೆಗೆದುಕೊಂಡ. ಮೊದಲು ಆದದ್ದು ಸಂತೋಷ; ಸುಳ್ಳು ಯಾಕೆ ಹೇಳಬೇಕು. ಅಂಗಡಿಯ ಮುದ್ರೆ, ತನ್ನ ಕೈಬರಹದ ತಾರೀಕು, ಕಂಪನಿಯ ಸೀಲು, ಎಲ್ಲ ಇದ್ದ ಹಾಗೇ ಇದೆ. ಇದನ್ನು ಎತ್ತಿಕೊಂಡು ಹೋಗಿ ವಿಶ್ವನಾಥರ ಮುಂದೆ ಇಟ್ಟರೆ ಮುಗಿಯಿತು. ಕುಡಿಸದೇ ಇಟ್ಟ ಔಷಧಿಯ ತಪ್ಪು ಹೊತ್ತು ತಂದವನದು ಹೇಗಾಗುತ್ತದೆ? ಐದು ಗಂಟೆಯ ಮುಂಚೆ ಅವನು ಮುಕ್ತ.

ಆಮೇಲೆ ಮುದುಕಿಯ ಮುಖ ಕಂಡಿತು.

"ಶ್ರಾವಣ ಹತ್ತಿತಲ್ಲಪಾ. ಅವರು ದಿನಾ ಮುಂಜಾನಿ ಅಂಗೈಯಾಗ ಲಿಂಗ ಇಟಗೊಂಡು ಒಂದ ತಾಸು ಕುಂದರಬೇಕು. ಐವತ್ತ ವರ್ಷ ತಪ್ಪಿಸಿದ್ದಿಲ್ಲ." ಅವಳು ನೆಲ ನೋಡುತ್ತ ಮಾತಾಡಿದಳು. "ಈ ಸಿರಪ್ ಕುಡದ್ರ ಸಂಡಾಸ ತಡಿಯಂಗಿಲ್ಲ. ನಡುವ ಎದ್ದು ಓಡೂದು. ಮತ್ತ ಜಳಕಾ, ಮತ್ತ ಕುಂದರೂದು. ಮತ್ತ ಎದ್ದು ಓಡೂದು. ಆ ಮೈಗೆ ಮುಂಜಾನಿ ಮೂರ ಸರ್ತಿ ತಣ್ಣೀರು. ಒಂದಿನ ಬಚ್ಚಲದಾಗ ಕುಸದು ಕುಂತು ಅತ್ತಬಿಟ್ರು. 'ಲಿಂಗ ಹಿಡಿಯೂ ಕೈಲೆ ಹೊಟ್ಟಿ ಹಿಡಕೊಂಡು ಓಡ್ತೀನಲ್ಲ ನಿಂಗಿ' ಅಂತ."

ಆ ಹೊಟ್ಟೆ ಹೋಗುವುದೇ ಆ ಔಷಧಿಯ ಕೆಲಸ. ದಿನಕ್ಕೆ ಎರಡು ಮೂರು ಸಲ ಹೋಗಲೇಬೇಕು. ಕೊಳೆ ಹೊರಗೆ ಬೀಳುವ ದಾರಿ ಅದೊಂದೇ. ಆಸ್ಪತ್ರೆಯಲ್ಲಿ ಅದನ್ನು ಇಂಗ್ಲಿಷಿನಲ್ಲಿ ಹೇಳಿರುತ್ತಾರೆ, ಮಗನಿಗೆ ಹೇಳಿರುತ್ತಾರೆ. ಮಗ ಅವ್ವನಿಗೆ "ಮೂರು ಹೊತ್ತು ಕೊಡು" ಅಂದಿರುತ್ತಾನೆ. ಯಾಕೆ ಅಂತ ಅವನೂ ಹೇಳಿಲ್ಲ, ಅವಳೂ ಕೇಳಿಲ್ಲ. ಅಪ್ಪನ ಸಂಡಾಸಿನ ಮಾತು ಮಗನ ಮುಂದೆ ಆಡಲು ಆಕೆಗೆ ನಾಚಿಕೆ.

"ನಿಮ್ಮಷ್ಟಕ್ಕ ನೀವ ನಿಲ್ಲಿಸಿದ್ರಾ?"

"ನಾ ಯಾಕ ನಿಲ್ಲಿಸ್ಲಿ?" ನಿಂಗವ್ವ ತಲೆ ಎತ್ತಿದಳು. "ಔಷಧ ಕೊಡೋರು ಹೇಳಿದ ಮ್ಯಾಲೇ ನಿಲ್ಲಿಸಿದ್ದು. ಮಲಬದ್ಧತಿ ಇದ್ದೋರಿಗೆ ಕೊಡೂ ಔಷಧ ಇದು, ಸಲೀಸ ಹೊಕ್ಕೈತಿ ಅಂದ್ರ ಯಾಕ ಬೇಕು, ಶ್ರಾವಣ ಮುಗಿಯೂಮಟಾ ನಿಲ್ಲಸ್ರಿ ಅಂದ್ಲು. ಬಾಟಲಿ ಬಂದ್ರ ತಗೊಂಡು ಇಟ್ಟಬಿಡ್ರಿ, ಇಲ್ಲಂದ್ರ ಮಗ ಕೇಳ್ತಾನ ಅಂದ್ಲು."

ಅಂದ್ಲು. ಹೆಂಗಸು.

ಹೊರಗೆ ವಾಯುಪಡೆಯ ವಿಮಾನವೊಂದು ತಾರಸಿಯನ್ನು ಕೆರೆದುಕೊಂಡು ಹೋದ ಹಾಗೆ ಸದ್ದು ಮಾಡಿತು. ಅದು ಕರಗುವವರೆಗೆ ಕಿರಣ ಕಾದ. ಇನ್ನಷ್ಟು ಹೊತ್ತು ಸದ್ದು ಇದ್ದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

"ಯಾರ್ರಿ ಅವ್ವಾರ ಹಂಗಂದೋರು?"

"ನಿನಗ ಗೊತ್ತಿಲ್ಲೇನು?" ನಿಂಗವ್ವನಿಗೆ ನಿಜಕ್ಕೂ ಆಶ್ಚರ್ಯ. "ನಿಮ್ಮಕ್ಕ. ಪ್ರತಿಭಾ. ತಾನಾಗೇ ಫೋನ್ ಮಾಡಿದ್ಲಲ್ಲೋ. ನಮ್ಮ ತಮ್ಮ ಹೇಳಿದಾ, ಪೂಜಿಗೆ ಭಾಳ ತ್ರಾಸ ಆಗಾಕತ್ತೈತಂತ ಅಂತ ಕೇಳಿದ್ಲು. ನಮ್ಮವರ ಪೈಕಿ ಹುಡುಗಿ, ಎಷ್ಟ ಕಾಳಜಿ ಮಾಡ್ತಾಳ ಅಂತ ನಾ ಕಣ್ಣೀರ ಹಾಕೀನಿ."

ಕಿರಣ ಅಲ್ಲೇ, ಟ್ರಂಕಿನ ಪಕ್ಕ, ನೆಲದ ಮೇಲೆ ಕೂತ.

ಹೌದು. ಹೇಳಿದವನು ತಾನೇ. ಶ್ರಾವಣದ ಮೊದಲ ಶುಕ್ರವಾರ ಬಾಟಲಿ ಕೊಡಲು ಬಂದಾಗ ಮುದುಕಿ ಬಾಗಿಲಲ್ಲಿ ನಿಂತು ತನ್ನ ಗೋಳು ಹೇಳಿಕೊಂಡಿದ್ದಳು. ಮನೆಗೆ ಹೋಗಿ, ರೊಟ್ಟಿ ಮುರಿಯುತ್ತ, ಅದನ್ನು ಅಕ್ಕನಿಗೆ ನಗೆಚಾಟಿಕೆ ಮಾಡಿ ಹೇಳಿದ್ದ. ವೀರಬಸಪ್ಪಜ್ಜ ಪಂಚೆ ಎತ್ತಿಕೊಂಡು ಓಡುವುದನ್ನು ಎದ್ದು ನಿಂತು ಅಭಿನಯಿಸಿ ತೋರಿಸಿದ್ದ. ಅಕ್ಕನೂ ನಕ್ಕಿದ್ದಳು. ಆಮೇಲೆ ಒಂದು ಮಾತು ಕೇಳಿದ್ದಳು: "ದಿನಾ ಎಷ್ಟು ಸರ್ತಿ ಅಂತೋ?"

"ಫೋನ್ ಬಂದದ್ದು ಯಾವಾಗ್ರಿ?"

"ಹೇಳಿಕಿ ಕೊಡಾಕ ಬರ್ರಿ ಅಂತ ಚೀಟಿ ಬಂತಲ್ಲ, ಅದರ ಮರುದಿನ."

ಆ ಚೀಟಿಯ ಒಂದು ಪ್ರತಿ ಗೋಡೌನಿನ ಯಜಮಾನನಿಗೂ ಹೋಗಿರಲೇಬೇಕು.

ಕಿರಣನಿಗೆ ಈಗ ಎಲ್ಲ ಕಾಣಿಸಿತು. ಕಂಡದ್ದರಿಂದ ಏನೂ ಪ್ರಯೋಜನವಿರಲಿಲ್ಲ. ವಿಷ ಹಾಕಿಲ್ಲ, ಚಾಕು ಎತ್ತಿಲ್ಲ. ಒಂದು ಸಿಹಿ ಸಿರಪ್ಪನ್ನು ನಿಲ್ಲಿಸಿದ್ದಾರೆ, ಅಷ್ಟೇ. ಮನುಷ್ಯ ಸಾಯುವ ಮುಂಚೆ ಅವನ ಮಾತು ಸತ್ತಿತು. ಅದನ್ನು ಮಾಡಿಸಿದ್ದು ಅವನ ಹೆಂಡತಿಯ ಕೈಯಿಂದ, ಅವಳ ಪ್ರೀತಿಯಿಂದ. ಗುರುತು ಎಲ್ಲಿ ಸಿಗುತ್ತದೆ? ಯಾವ ಪ್ರಯೋಗಾಲಯ ಹಿಡಿಯುತ್ತದೆ? ಫೋನಿನ ಒಂದು ಮಾತು. ಅದೂ ಸುಳ್ಳಲ್ಲ, 'ಮಲಬದ್ಧತೆಗೆ' ಅಂತ ಡಬ್ಬಿಯ ಮೇಲೇ ಅಚ್ಚು ಹಾಕಿದೆ!

"ತಮ್ಮಾ." ನಿಂಗವ್ವ ಅವನ ಎದುರು ಕುಕ್ಕರುಗಾಲಲ್ಲಿ ಕೂತಳು. "ಆಸ್ಪತ್ರ್ಯಾಗ ಆ ನಳಿಗ್ಯಾಗ ಇದನ್ನ ಬಿಡಾಕತ್ತಾರ. ಇದ ಬಾಟಲಿ. ನಾ ಗುರುತ ಹಿಡದೆ." ಅವನ ಕೈಯಲ್ಲಿದ್ದ ಬಾಟಲಿಯನ್ನು ಮುಟ್ಟಿದಳು. "ಇದನ್ನ ಕುಡಿಸಲಾರದಕ್ಕ ಹಿಂಗಾತೇನೋ?"

ಅವಳ ಕಣ್ಣುಗಳು ಅವನ ಬಾಯಿಯನ್ನೇ ನೋಡುತ್ತಿದ್ದವು.

"ಇಲ್ರಿ ಅವ್ವಾರ," ಅಂದ ಕಿರಣ. "ಅದಕ್ಕಲ್ಲ. ರೋಗಾನ ಹಂಗ."

ಅವಳು ನಂಬಿದಳೋ ಇಲ್ಲವೋ. ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆಯಾಡಿಸಿದಳು. ಕಿರಣ ಕೈಯಲ್ಲಿದ್ದ ಬಾಟಲಿಯನ್ನು ಮತ್ತೆ ಸೀರೆಯ ಕೆಳಗಿಟ್ಟು, ಟ್ರಂಕಿನ ಮುಚ್ಚಳ ಹಾಕಿ, ಮಂಚದ ಕೆಳಗೆ ತಳ್ಳಿದ. ತನ್ನ ಬಿಡುಗಡೆಯನ್ನು ತಾನೇ ತಳ್ಳಿದ ಹಾಗಿತ್ತು.

*

ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಅಂಗಡಿಯ ಮುಂದೆ ಪೊಲೀಸ್ ಜೀಪು ಆಗಲೇ ನಿಂತಿತ್ತು.

ದಾರಿಯುದ್ದಕ್ಕೂ ಕಿರಣ ಒಂದೇ ಮಾತನ್ನು ಕಟ್ಟಿಕೊಂಡು ಬಂದಿದ್ದ. ಅಕ್ಕನನ್ನು ಹಿಂಬಾಗಿಲಿಗೆ ಕರೆಯಬೇಕು. ಯಾಕೆ ಮಾಡಿದೆ ಅಂತ ಕೇಳಬೇಕು. ಅನಂತರಾಜು ಹೇಳಿಸಿದ ಅಂತ ಅವಳ ಬಾಯಲ್ಲೇ ಬರಬೇಕು. ಆಮೇಲಿನದು ಆಮೇಲೆ.

ಕರೆಯಲು ಆಗಲಿಲ್ಲ. ವಿಶ್ವನಾಥ ಕುರ್ಚಿ ಹಾ‌ಕಿಸಿಕೊಂಡು ಅಂಗಡಿಯ ನಡುವೆಯೇ ಕೂತಿದ್ದರು. ಶಿವಪ್ರಕಾಶ ಗೋಡೆಗೆ ಒರಗಿದ್ದ. ಬೆಳಗಿನ ಕೂಗು ಇಳಿದು, ಕಣ್ಣು ಊದಿ, ಒಂದೇ ದಿನಕ್ಕೆ ಹತ್ತು ವರ್ಷ ಹೆಚ್ಚಾದವನ ಹಾಗೆ. ಅನಂತರಾಜು ಎಲ್ಲರಿಗೂ ಟೀ ತರಿಸಿದ್ದ.

"ಬಾರಪ್ಪ. ಏನ್ ಸಮಾಚಾರ? ಏನಾದ್ರೂ ನೆನಪಾಯ್ತಾ?"

"ಇಲ್ಲ ಸರ್."

"ಎಲ್ಲಿಗ್ ಹೋಗಿದ್ದೆ ಇಷ್ಟೊತ್ತು?"

"ಹಿಂಗೇ ಸರ್. ತಿರುಗಾಡ್ತಿದ್ದೆ."

ವಿಶ್ವನಾಥ ಟೀ ಲೋಟ ಕೆಳಗಿಟ್ಟರು. "ಡಾಕ್ಟ್ರು ಬರ್ದುಕೊಟ್ಟಿದ್ದಾರೆ ಕಣೋ. ಮೂರು ವಾರದಿಂದ ಆ ಔಷಧಿ ಕೆಲಸ ಮಾಡಿಲ್ಲ ಅಂತ. ನಿನ್ನ ಬಾಟಲಿ. ನಿನ್ನ ಕೈ. ಇನ್ನೇನ್ ಹೇಳ್ತೀಯ? ಬಾ, ಜೀಪು ಹತ್ತು."

ಕಿರಣ ಕೌಂಟರಿನ ಕಡೆ ನೋಡಿದ. ಪ್ರತಿಭಾಳ ಮುಖದಲ್ಲಿ ಬಣ್ಣವೇ ಇರಲಿಲ್ಲ. ಅವಳು ಅನಂತರಾಜುವನ್ನು ನೋಡಿದಳು. ಅವನು ಲೋಟದ ಮೇಲಿನ ಕೆನೆಯನ್ನು ಊದಿ ಸರಿಸುತ್ತಿದ್ದ.

ಕಾನ್‌ಸ್ಟೇಬಲ್ ಸಂಗಪ್ಪ ಕಿರಣನ ತೋಳಿಗೆ ಕೈ ಹಾಕಿದ. "ನಡಿ ನಡಿ."

"ಬಿಡಿ ಅವ್ನನ್ನ!"

ಆ ದನಿ ಅಷ್ಟು ಜೋರಾಗಿ ಬಂದೀತೆಂದು ಯಾರೂ ಎಣಿಸಿರಲಿಲ್ಲ. ಪ್ರತಿಭಾ ಕೌಂಟರಿನ ಹಲಗೆ ಎತ್ತಿ ಹೊರಗೆ ಬಂದಿದ್ದಳು. "ಅವ್ನೇನೂ ಮಾಡಿಲ್ಲ ಸರ್. ನನ್ನ ತಮ್ಮ ಅವ್ನು, ನನಗ್ ಗೊತ್ತಿಲ್ವಾ? ಬಾಟಲಿ ಬದಲಾಯಿಸಿದಾನೆ ಅಂತೀರಲ್ಲ, ಅವ್ನು ಕೊಟ್ಟ ಬಾಟಲಿಗಳ ಮುಚ್ಚಳಾನೇ ತೆಗೆದಿಲ್ಲ ಸರ್! ಸೀಲ್ ಹಾಕಿದ್ದು ಹಾಕಿದ ಹಾಗೇ ಇದೆ. ಒಂದ್ ಹನೀನೂ ಕುಡ್ಸಿಲ್ಲ. ಹೋಗಿ ನೋಡಿ ಬೇಕಾದ್ರೆ!"

ಅನಂತರಾಜುವಿನ ಕೈಯಲ್ಲಿದ್ದ ಟೀ ಲೋಟ ತುಟಿಯ ಹತ್ತಿರವೇ ನಿಂತಿತು.

ಶಿವಪ್ರಕಾಶ ಗೋಡೆಯಿಂದ ಮೆಲ್ಲಗೆ ನೆಟ್ಟಗಾದ. "ಏನಂದ್ರಿ?"

ಪ್ರತಿಭಾಳಿಗೆ ತಾನು ಆಡಿದ್ದೇನು ಅಂತ ಆಗ ಕೇಳಿಸಿತು.

ವಿಶ್ವನಾಥ ಅವಸರ ಮಾಡಲಿಲ್ಲ. ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡರು. "ನಮಗೆ ಆ ಮನೆಯಲ್ಲಿ ಸಿಕ್ಕಿದ್ದು ತೆರೆದಿದ್ದ ಒಂದು ಹಳೇ ಬಾಟಲಿ ಮಾತ್ರ ಕಣಮ್ಮ. ಸೀಲ್ ಒಡೆಯದೇ ಇರೋ ಬಾಟಲಿಗಳು ಇವೆ ಅಂತ ಇವರ ಮಗನಿಗೇ ಗೊತ್ತಿಲ್ಲ. ಅಂಗಡಿ ಬಿಟ್ಟು ಅಲುಗಾಡದ ನಿನಗೆ ಹೇಗ್ ಗೊತ್ತಾಯ್ತು?"

ಪ್ರತಿಭಾ ತಮ್ಮನ ಕಡೆ ನೋಡಿದಳು.

"ಕಿರಣ... ಕಿರಣ ಹೇಳಿದ ಸರ್."

"ಓ." ವಿಶ್ವನಾಥ ಎದ್ದು ನಿಂತರು. ಸಂಗಪ್ಪನಿಗೆ ಕಣ್ಣಲ್ಲೇ ಸೂಚಿಸಿದರು; ಅವನು ಕಿರಣನ ತೋಳು ಬಿಟ್ಟು ಪ್ರತಿಭಾಳ ಹಿಂದೆ ಬಂದು ನಿಂತ. "ಏನಪ್ಪ ಕಿರಣ? ನಿಮ್ಮಕ್ಕನಿಗೆ ಇದನ್ನ ಹೇಳಿದ್ದು ನೀನೇನಾ?"



ಹೌದು ಅಂದರೆ, ಮೂರು ವಾರದಿಂದ ಎಲ್ಲ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಬಾಟಲಿ ಹೊತ್ತವನು ತಾನು. ಇಲ್ಲ ಅಂದರೆ ಅಕ್ಕ. ಅಕ್ಕನ ಹಿಂದೆಯೇ ಆ ಮುದುಕಿ. ಗಂಡನ ಬಾಯಿಗೆ ಔಷಧಿ ಹಾಕದೆ ಬಿಟ್ಟವಳು ಅಂತ ನಾಲ್ಕು ಜನರ ನಡುವೆ ನಿಲ್ಲಬೇಕು, ಮಗನ ಮುಖ ನೋಡಬೇಕು. ಎರಡು ಉತ್ತರಗಳಲ್ಲಿ ಯಾವುದರಲ್ಲೂ ಅನಂತರಾಜುವಿನ ಹೆಸರು ಇರಲಿಲ್ಲ.

"ಕೇಳಿಸ್ಲಿಲ್ವಾ? ನೀನು ಹೇಳಿದ್ಯಾ, ಇಲ್ವಾ?"

"ಕಿರಣಾ," ತನ್ನ ಸುಳ್ಳು ತಮ್ಮನ ಕೊರಳಿಗೇ ಬಿದ್ದದ್ದು ಕಂಡು ಪ್ರತಿಭಾಳ ದನಿ ಒಡೆಯಿತು. "ಇಲ್ಲ ಅನ್ನೋ. ಇಲ್ಲ ಅಂದ್ಬಿಡೋ, ನಿನಗೆ ಕೈ ಮುಗೀತೀನಿ."

ಹೌದು ಅಂತಲೂ ಇಲ್ಲ ಅಂತಲೂ ಹೇಳದೆ ಕಿರಣ ತಿರುಗಿದ. ಅಂಗಡಿಯ ಎರಡು ಮೆಟ್ಟಿಲು ಇಳಿದ. ಸ್ಕೂಟರಿನ ಕಡೆಗೂ ನೋಡದೆ, ರಸ್ತೆಗೆ ಬಿದ್ದು, ರೈಲ್ವೆ ಜಂಕ್ಷನ್ನಿನ ದಿಕ್ಕಿಗೆ ಕಾಲು ಹಾಕಿದ.

"ಏಯ್, ನಿಲ್ಲೋ! ಕೇಳ್ತಿರೋದು ನಿನ್ನನ್ನೇ!"

ಅವನು ನಿಲ್ಲಲಿಲ್ಲ.